ಹಳೆ ರೇಸಿಂಗ್ ಕಾರ್ಟ್ ಕೊಳ್ಳುವಾಗ ಮೊದಲು ಅಡಿಭಾಗ ನೋಡಿ

ಪ್ರಶ್ನೆ: ಮಗನಿಗೆ ಹದಿಮೂರು ವರ್ಷ. ಗೋವಾದಲ್ಲಿ ಬಾಡಿಗೆ ಕಾರ್ಟ್ (ನೆಲಮಟ್ಟದ ಪುಟ್ಟ ತೆರೆದ ರೇಸ್ ಗಾಡಿ) ಓಡಿಸಿ ರುಚಿ ಹತ್ತಿದೆ, ಈಗ ರೇಸಿನದ್ದೇ ಬೇಕೆಂದು ಹಟ. ಬೆಂಗಳೂರಿನಲ್ಲಿ ರೋಟ್ಯಾಕ್ಸ್ ಮ್ಯಾಕ್ಸ್ ಇಂಜಿನ್ನಿನ ಹಳೆ ಕಾರ್ಟ್ ಒಂದು ಮಾರಾಟಕ್ಕಿದೆ. ‘ಎರಡೇ ಸೀಸನ್ ಓಡಿದ್ದು, ನಾಳೆಯೇ ರೇಸಿಗೆ ಇಳಿಸಬಹುದು’ ಎನ್ನುತ್ತಾರೆ. ಕೈಯಲ್ಲಿರುವ ಹಣ ಕಡಿಮೆ. ಒಂದೇ ದಿನದಲ್ಲಿ ಹೋಗಿ ನೋಡಿ ಬರಬೇಕು. ಏನೇನು ನೋಡಲಿ?
— ಓದುಗರು, ಕಡವಾಡ, ಕಾರವಾರ

ಉತ್ತರ: ಹೊರಡುವ ಮೊದಲೇ ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಭಾಗ ಎತ್ತಿಡಿ. ಅದನ್ನು ಮುಟ್ಟದೆ ಕಾರ್ಟ್ ಕೊಳ್ಳಲು ಆಗದಿದ್ದರೆ ಆ ಕಾರ್ಟ್ ನಿಮ್ಮ ಅಳತೆಯದ್ದಲ್ಲ. ಮಾರುವವರು ಸಾಮಾನ್ಯವಾಗಿ ಕೊನೆಯ ರೇಸ್ ಮುಗಿಸಿದ ಮೇಲೆ ಮಾರುತ್ತಾರೆ. ಟೈರು, ಚೈನು, ಸ್ಪ್ರಾಕೆಟ್, ಬ್ರೇಕ್ ಪ್ಯಾಡ್ ಎಲ್ಲವೂ ಆ ಹೊತ್ತಿಗೆ ಸವೆದಿರುತ್ತವೆ. ಪಿಸ್ಟನ್ನಿನ ಸರದಿಯೂ ಬಂದಿರಬಹುದು. ಹೆಲ್ಮೆಟ್ ಮತ್ತು ಪಕ್ಕೆಲುಬಿನ ರಕ್ಷಾಕವಚವನ್ನು ಮಾತ್ರ ಹೊಸದೇ ಕೊಳ್ಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ.

ಬೆಲೆ ಮಾತಾಡುವ ಮೊದಲು ಅದು ಯಾವ ವರ್ಗದ ಕಾರ್ಟ್ ಎಂದು ಕೇಳಿ. ಮೈಕ್ರೋ ವರ್ಗದ ಚಾಸಿ, ಅಂದರೆ ಪೈಪಿನ ಚೌಕಟ್ಟು, ಚಿಕ್ಕದು, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 950 ಮಿ.ಮೀ. ಹದಿಮೂರರ ಹುಡುಗ ಒಂದೇ ವರ್ಷದಲ್ಲಿ ಅದಕ್ಕೆ ಹಿಡಿಸದಷ್ಟು ಬೆಳೆಯುತ್ತಾನೆ. ಜೂನಿಯರ್ ಮತ್ತು ಸೀನಿಯರ್ ಎರಡೂ ಪೂರ್ಣ ಗಾತ್ರದ ಚಾಸಿಯ ಮೇಲೇ ಓಡುತ್ತವೆ: ಅಂತರ 1040 ಮಿ.ಮೀ. ಆಸುಪಾಸು, ಹಿಂದಿನ ಆಕ್ಸಲ್ ಸಾಮಾನ್ಯವಾಗಿ 50 ಮಿ.ಮೀ. ದಪ್ಪ. ಇಂಜಿನ್ನೂ ಎರಡಕ್ಕೂ 125 ಸಿಸಿಯ ಟು-ಸ್ಟ್ರೋಕೇ. ಸೀನಿಯರ್ ಸಿಲಿಂಡರಿಗೆ ಎಕ್ಸಾಸ್ಟ್ ಬಾಯಲ್ಲಿ ಪವರ್ ವಾಲ್ವ್ (ವೇಗಕ್ಕೆ ತಕ್ಕಂತೆ ಆ ಬಾಯನ್ನು ಹಿಗ್ಗಿಸಿ ಕುಗ್ಗಿಸುವ ಕವಾಟ) ಇರುತ್ತದೆ, ಜೂನಿಯರ್‌ಗೆ ಇರುವುದಿಲ್ಲ. ಆದ್ದರಿಂದ ಪೂರ್ಣ ಗಾತ್ರದ ಜೂನಿಯರ್ ಕಾರ್ಟ್ ಕೊಂಡರೆ ಮುಂದೆ ಮಗ ಮೇಲಿನ ವರ್ಗಕ್ಕೆ ಹೋದಾಗ ಚಾಸಿ ಹಾಗೇ ಉಳಿಯುತ್ತದೆ. ಯಾವ ವಯಸ್ಸಿಗೆ ಯಾವ ವರ್ಗ ಎಂಬುದನ್ನು ಆಯಾ ವರ್ಷದ ರೇಸ್ ನಿಯಮಾವಳಿಯಲ್ಲೇ ನೋಡಿಕೊಳ್ಳಿ.

ಈಗ ನೋಡುವ ಕೆಲಸ. ಜೊತೆಗೆ ಟಾರ್ಚ್, ಅಳತೆ ಟೇಪು, ವರ್ನಿಯರ್ (ದಪ್ಪ ಅಳೆಯುವ ಸಾಧನ), ಒಂದು ಹಳೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಒಯ್ಯಿರಿ. ಸ್ಟಿಕ್ಕರು, ಬಣ್ಣದ ಪ್ಲಾಸ್ಟಿಕ್ಕು, ಹೊಸ ಸ್ಟೇರಿಂಗ್ ಕವರು ಇವು ಯಾವುವೂ ಕಾರ್ಟಿನ ಆರೋಗ್ಯ ಹೇಳುವುದಿಲ್ಲ. ಕಾರ್ಟನ್ನು ಇಬ್ಬರು ಸೇರಿ ಮಗ್ಗುಲಿಗೆ ಎತ್ತಿ ನಿಲ್ಲಿಸಿ, ಅಡಿಭಾಗ ನೋಡಿ. ಟ್ರ್ಯಾಕಿನ ಅಂಚಿನ ಕರ್ಬ್‌ಗಳಿಗೆ ಉಜ್ಜಿ ಉಜ್ಜಿ ಕೆಳಗಿನ ಉದ್ದ ಪೈಪುಗಳು ಚಪ್ಪಟೆಯಾಗುತ್ತವೆ. ಪೈಪು ಹುಟ್ಟಿನಲ್ಲಿ ದುಂಡು, 30 ಅಥವಾ 32 ಮಿ.ಮೀ. ವರ್ನಿಯರ್ ಹಿಡಿದು ಅಡ್ಡಡ್ಡ ಒಮ್ಮೆ, ಮೇಲಿಂದ ಕೆಳಕ್ಕೆ ಒಮ್ಮೆ ಅಳೆಯಿರಿ. ಅರ್ಧ ಮಿ.ಮೀ. ಸವೆದಿದ್ದರೆ ಸಹಜ. ಒಂದು ಮಿ.ಮೀ. ದಾಟಿದ್ದರೆ ಚೌಕಾಸಿಗೆ ಗಟ್ಟಿ ಕಾರಣ. ಪೈಪಿನ ಗೋಡೆಯೇ ಸುಮಾರು ಎರಡು ಮಿ.ಮೀ. ಇರುವುದರಿಂದ ಒಂದು ಮಿ.ಮೀ.ಗಿಂತ ಬಹಳ ಹೆಚ್ಚು ಸವೆದದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಬಿರುಕು. ಸೀಟು ಕಟ್ಟಿರುವ ಕಂಬಗಳ ಬುಡ, ಆಕ್ಸಲ್ ಬೇರಿಂಗ್ ಕೂರುವ ಪಟ್ಟಿಗಳ ವೆಲ್ಡಿಂಗ್, ಬ್ರೇಕ್ ಕ್ಯಾಲಿಪರ್ ಹಿಡಿದಿರುವ ಪಟ್ಟಿ, ಮುಂದಿನ ಚಕ್ರದ ಸಿ ಆಕಾರದ ಕೊಂಡಿ, ಈ ನಾಲ್ಕು ಕಡೆ ಮೊದಲು ಒಡೆಯುತ್ತದೆ. ಬಟ್ಟೆಗೆ ಸೀಮೆಎಣ್ಣೆ ಸವರಿ ಒರೆಸಿ, ಒಣಗಿಸಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಕೂದಲೆಳೆಯಂಥ ಗೆರೆಯಾಗಿ ಹೊರಗೆ ಒಸರುತ್ತದೆ. ಆ ಜಾಗದಲ್ಲಿ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಏಕೆಂದು ಕೇಳಿ. ಬೆಸುಗೆ ಹಾಕಿ ರಿಪೇರಿ ಮಾಡಿದ್ದೇ ತಪ್ಪೆಂದಲ್ಲ. ಒಂದು ಕಡೆ ಅಚ್ಚುಕಟ್ಟಾಗಿ ಮಾಡಿದ್ದರೆ ಒಪ್ಪಬಹುದು. ಮೂರು ಕಡೆ ಇದ್ದರೆ ಚಾಸಿಯ ಆಯುಸ್ಸು ಮುಗಿದಿದೆ.

ಕಾರ್ಟಿಗೆ ಸಸ್ಪೆನ್ಷನ್ ಇಲ್ಲ. ತಿರುವಿನಲ್ಲಿ ಚಾಸಿಯೇ ಬಾಗಿ ಒಳಗಿನ ಹಿಂಚಕ್ರವನ್ನು ಎತ್ತಬೇಕು, ಅದಕ್ಕೇ ಚಾಸಿ ನೆಟ್ಟಗಿರುವುದು ಇಷ್ಟು ಮುಖ್ಯ. ಎಡ ಮುಂದಿನ ಕಿಂಗ್‌ಪಿನ್ ಬೋಲ್ಟಿನಿಂದ (ಮುಂಚಕ್ರ ಎಡಬಲಕ್ಕೆ ತಿರುಗುವುದು ಇದರ ಮೇಲೆ) ಬಲ ಹಿಂದಿನ ಬೇರಿಂಗ್ ಪಟ್ಟಿಗೆ, ಬಲದಿಂದ ಎಡಕ್ಕೆ, ಹೀಗೆ ಓರೆಗೆ ಎರಡೂ ಅಳತೆ ತೆಗೆಯಿರಿ. ಎರಡು ಮೂರು ಮಿ.ಮೀ. ವ್ಯತ್ಯಾಸ ಟೇಪಿನದ್ದೇ ಇರಬಹುದು. ಐದು ದಾಟಿದರೆ ಎಲ್ಲೋ ಗೋಡೆಗೆ ಗುದ್ದಿದೆ. ಇನ್ನೊಂದು ಪರೀಕ್ಷೆ: ನಾಲ್ಕೂ ಟೈರಿಗೆ ಎಡಬಲ ಸಮ ಗಾಳಿ ಹಾಕಿ, ಸಮತಟ್ಟು ನೆಲದ ಮೇಲೆ ಮುಂಭಾಗದ ನಟ್ಟನಡುವೆ ಹಿಡಿದು ನಿಧಾನ ಎತ್ತಿ. ಎರಡೂ ಮುಂಚಕ್ರ ಒಟ್ಟಿಗೇ ನೆಲ ಬಿಡಬೇಕು. ಒಂದು ಮೊದಲು ಎದ್ದರೆ ಕಿಂಗ್‌ಪಿನ್ನಿನ ವಾಷರ್‌ಗಳು ಎರಡೂ ಕಡೆ ಸಮ ಇವೆಯೇ ನೋಡಿ. ಸಮ ಇದ್ದೂ ಹೀಗಾದರೆ ಚಾಸಿ ತಿರುಚಿದೆ. ಆಕ್ಸಲ್ಲಿಗೆ ಚೈನ್ ಕಳಚಿ, ಪೆನ್ನಿನ ತುದಿಯನ್ನು ಪಕ್ಕದಲ್ಲಿ ಅಲುಗದಂತೆ ಹಿಡಿದು ಕೈಯಲ್ಲಿ ತಿರುಗಿಸಿ. ತುದಿಗೂ ಆಕ್ಸಲ್ಲಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಆಕ್ಸಲ್ ಬಾಗಿದೆ ಎಂದೇ ಅರ್ಥ.

ಇಂಜಿನ್ ವಿಷಯಕ್ಕೆ ಬಂದರೆ, ಬಿಸಿ ಮಾಡಿಟ್ಟ ಇಂಜಿನ್ನನ್ನು ನೋಡಲೇಬೇಡಿ. ಹೋದ ಕೂಡಲೇ ಸಿಲಿಂಡರ್ ಹೆಡ್ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ಎಷ್ಟು ಗಂಟೆ ಓಡಿದೆ, ಪಿಸ್ಟನ್ ಯಾವಾಗ ಹಾಕಿದ್ದು, ಕ್ರ್ಯಾಂಕ್ ಯಾವಾಗ ಬಿಚ್ಚಿದ್ದು ಎಂದು ಲಾಗ್‌ಬುಕ್ ಕೇಳಿ. ಈ ಇಂಜಿನ್ನಿಗೆ ತಯಾರಕರು ಹೇಳುವ ದೊಡ್ಡ ಸರ್ವಿಸ್ ಸುಮಾರು 50 ಗಂಟೆಗೆ. ‘ಎರಡು ಸೀಸನ್’ ಎಂಬುದು ಲೆಕ್ಕವೇ ಅಲ್ಲ. ವಾರಕ್ಕೊಮ್ಮೆ ಅಭ್ಯಾಸ ಮಾಡಿದವರ ಒಂದು ಸೀಸನ್ನಿನಲ್ಲೇ 50 ಗಂಟೆ ಮುಗಿದಿರುತ್ತದೆ. ಪುಸ್ತಕ ಇಲ್ಲವೆಂದರೆ ಪಿಸ್ಟನ್, ರಿಂಗು, ಬೇರಿಂಗು ಎಲ್ಲದರ ಖರ್ಚನ್ನೂ ಬೆಲೆಯಿಂದ ಕಳೆದೇ ಮಾತಾಡಿ. ಇಂಜಿನ್ನಿನ ಸೀಲ್ (ಯಾರೂ ಬಿಚ್ಚಿಲ್ಲ ಎಂಬುದಕ್ಕೆ ಹಾಕುವ ನಂಬರಿನ ಮುದ್ರೆ) ಹಾಗೇ ಇದೆಯೇ, ಅದರ ಸಂಖ್ಯೆ ಪುಸ್ತಕದ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಸೀಲ್ ಒಡೆದಿದ್ದರೆ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಅಧಿಕೃತ ರೇಸಿಗೆ ಮೊದಲು ಮತ್ತೆ ತಪಾಸಣೆ ಮಾಡಿಸಿ ಸೀಲ್ ಹಾಕಿಸಬೇಕು.

ಎಕ್ಸಾಸ್ಟಿನ ಸ್ಪ್ರಿಂಗ್‌ಗಳನ್ನು ಕಳಚಿ ಪೈಪು ಸರಿಸಿದರೆ ಸಿಲಿಂಡರಿನ ಬಾಯಿ ಕಾಣುತ್ತದೆ. ಟಾರ್ಚ್ ಬಿಟ್ಟು ಪಿಸ್ಟನ್ನನ್ನು ನಿಧಾನ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ಮೈ ಮೇಲೆ ಉದ್ದುದ್ದ ಗೀರು ಕಂಡರೆ ಎಣ್ಣೆ ಸಾಲದೆ ಅಥವಾ ಕಾವು ಹೆಚ್ಚಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದಿದೆ ಎಂದು ಅರ್ಥ. ಅಂಥದ್ದಕ್ಕೆ ಸಿಲಿಂಡರನ್ನೂ ಅಳೆಸಬೇಕಾಗುತ್ತದೆ. ನೋಡಿಯಾದ ಮೇಲೆ ಎಲ್ಲ ಜೋಡಿಸಿ, ತಣ್ಣಗಿನ ಇಂಜಿನ್ನನ್ನು ನಿಮ್ಮ ಎದುರೇ ಚಾಲೂ ಮಾಡಿಸಿ. ರೇಡಿಯೇಟರಿಗೆ ರೇಸಿನವರು ಬರೀ ನೀರು ಹಾಕುತ್ತಾರೆ, ಕೂಲೆಂಟ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದಿನವರು ಜಾರುತ್ತಾರೆಂದು. ಆ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ತುಂಬ ದಿನ ಸುಮ್ಮನೆ ನಿಂತ ಕಾರ್ಟ್ ಅದು.

ಬ್ರೇಕ್ ಎಣ್ಣೆ ಯಾವುದೆಂದು ಕೇಳಿ ಬರೆದುಕೊಳ್ಳಿ. ಕೆಲವಕ್ಕೆ ‘ಡಾಟ್’ (DOT) ಎಂದು ಬರೆದ ಎಣ್ಣೆ, ಕೆಲವಕ್ಕೆ ಮಿನರಲ್ ಎಣ್ಣೆ. ಒಂದರಲ್ಲಿ ಇನ್ನೊಂದು ಹಾಕಿದರೆ ರಬ್ಬರ್ ಸೀಲುಗಳು ಊದಿ ಬ್ರೇಕೇ ಹೋಗುತ್ತದೆ. ಸೀಟು ಮಗನಿಗೆ ಬಿಗಿಯಾಗಿ ಕೂರಬೇಕು, ಹಾಗಾಗಿ ಅವನನ್ನೂ ಕರೆದೊಯ್ಯಿರಿ. ಕಾರ್ಟಿಗೆ ಆರ್‌ಸಿ ಇರುವುದಿಲ್ಲ. ಚಾಸಿ ನಂಬರ್, ಇಂಜಿನ್ ನಂಬರ್ ಬರೆದ ಮಾರಾಟ ಪತ್ರ, ಸಿಕ್ಕರೆ ಮೊದಲ ಬಿಲ್ಲು, ಇಷ್ಟೇ ನಿಮ್ಮ ದಾಖಲೆ.

ಪ್ರಶ್ನೆ: ಕಾಲೇಜು ತಂಡವೊಂದು ಸ್ಪರ್ಧೆಗೆಂದು ಬೈಕ್ ಇಂಜಿನ್ ಕೂರಿಸಿ ಮಾಡಿದ ಕಾರ್ಟ್ ತೀರಾ ಅಗ್ಗಕ್ಕೆ ಸಿಗುತ್ತಿದೆ. ಸ್ವಲ್ಪ ಹೆಚ್ಚು ಕೊಟ್ಟರೆ ಬಾಡಿಗೆ ಟ್ರ್ಯಾಕಿನಿಂದ ಹೊರಬಿದ್ದ ಹೋಂಡಾ ಜಿಎಕ್ಸ್200 ಇಂಜಿನ್ನಿನದು. ಯಾವುದು ವಾಸಿ?
— ಓದುಗರು, ಶಿರಸಿ

ಉತ್ತರ: ಜಿಎಕ್ಸ್200. ಶಿರಸಿಯವರಿಗೆ ಇದನ್ನು ಹಿಂಜರಿಯದೆ ಹೇಳಬಹುದು. ಅಡಿಕೆ ತೋಟದ ಪಂಪು, ಸಿಂಪರಣೆ ಯಂತ್ರಗಳಲ್ಲಿರುವುದು ಇದೇ ಜಾತಿಯ ಇಂಜಿನ್. ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಊರಲ್ಲೇ ಇದ್ದಾರೆ. ಹಣ ಕಡಿಮೆ ಇದ್ದಾಗ ನಿಮ್ಮೂರಿನ ಮೇಸ್ತ್ರಿಗೆ ಕೈಹಿಡಿತ ಇರುವ ಇಂಜಿನ್ನೇ ಒಳ್ಳೆಯ ಇಂಜಿನ್. ಕಾರವಾರದ ಕಡೆಯವರಾಗಿದ್ದರೆ ಮೀನುಗಾರಿಕೆ ದೋಣಿಗಳ ಔಟ್‌ಬೋರ್ಡ್ ಮೋಟಾರು ರಿಪೇರಿ ಮಾಡುವವರಿಗೆ ಟು-ಸ್ಟ್ರೋಕ್ ನೀರು ಕುಡಿದಷ್ಟು ಸಲೀಸು, ಅಲ್ಲಿಗೆ ರೋಟ್ಯಾಕ್ಸ್ ಕೂಡ ನಡೆಯುತ್ತದೆ.

ಕಾಲೇಜಿನ ಕಾರ್ಟ್ ಒಂದು ಸ್ಪರ್ಧೆ ಮುಗಿಸಲೆಂದು ಕಟ್ಟಿದ್ದು. ಮಕ್ಕಳ ಶ್ರಮ ದೊಡ್ಡದೇ, ಆದರೆ ಬೈಕಿನ ಇಂಜಿನ್ನಿಗೆ ಎದುರುಗಾಳಿ ಬೇಕು, ಸೀಟಿನ ಹಿಂದೆ ಮರೆಯಲ್ಲಿ ಕೂತಾಗ ಅದು ಸಿಗದೆ ಕಾವೇರುತ್ತದೆ. ಚಾಸಿಯೂ ಪೆಡಸು, ಬಾಗಬೇಕಾದಲ್ಲಿ ಬಾಗದೆ ತಿರುವಿನಲ್ಲಿ ನೇರಕ್ಕೆ ತಳ್ಳುತ್ತದೆ. ಆಕ್ಸಲ್, ಹಬ್ ಎಲ್ಲ ಲೇತಿನಲ್ಲಿ ಅವರದೇ ಅಳತೆಗೆ ಮಾಡಿಸಿದ್ದಾದರೆ ಮುರಿದಾಗ ಅಂಗಡಿಯಲ್ಲಿ ಸಿಗುವುದಿಲ್ಲ.

ಜಿಎಕ್ಸ್‌ನಲ್ಲಿ ಒಂದನ್ನು ಮರೆಯದೆ ನೋಡಿ: ಇಂಜಿನ್ ಅತಿ ವೇಗಕ್ಕೆ ಏರದಂತೆ ತಡೆಯುವ ಗವರ್ನರ್ ಕಿತ್ತಿದ್ದಾರೆಯೇ? ವೇಗಕ್ಕಾಗಿ ಕೆಲವರು ಅದನ್ನು ತೆಗೆಸುತ್ತಾರೆ. ಇದರ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ, ಫ್ಲೈವೀಲ್ ಬೀಡುಕಬ್ಬಿಣ. ಇವನ್ನು ಮಾಡಿರುವುದು ನಿಮಿಷಕ್ಕೆ ಮೂರೂವರೆ ನಾಲ್ಕು ಸಾವಿರ ಸುತ್ತಿಗೆ. ಅದನ್ನು ಬಹಳ ಮೀರಿದರೆ ರಾಡು ಕೇಸಿಂಗ್ ಸೀಳಿ ಹೊರಬರುತ್ತದೆ, ಫ್ಲೈವೀಲ್ ಒಡೆದರೆ ಚೂರುಗಳು ಸಿಡಿಯುವುದು ಚಾಲಕನ ಬೆನ್ನಿನ ಪಕ್ಕದಲ್ಲೇ. ಗವರ್ನರ್ ಇಲ್ಲದ್ದು ಬೇಡ. ಸುಮ್ಮನೆ ಚಾಲೂ ಇಟ್ಟಾಗ ಕಾರ್ಟ್ ತಾನೇ ಮುಂದೆ ಸರಿದರೆ ಐಡಲ್ ಹೆಚ್ಚಿದೆ, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಸತ್ತಿದೆ, ಅದು ಸಣ್ಣ ಖರ್ಚು. ಆಯಿಲ್ 0.6 ಲೀಟರ್, 10ಡಬ್ಲ್ಯು-30. ಪುಸ್ತಕದ ಪ್ರಕಾರ ಬದಲಿಸುವುದು 100 ಗಂಟೆಗೆ, ಕಾರ್ಟಿನಲ್ಲಿ ದುಡಿಯುವ ಇಂಜಿನ್ನಿಗೆ ಅದರ ಅರ್ಧಕ್ಕೇ ಬದಲಿಸಿ.

ಪ್ರಶ್ನೆ: ಮನೆಯಿಂದ ಸಮುದ್ರ ಕೂಗಳತೆ ದೂರ. ಬೈಕಿನ ರಿಮ್ಮೇ ಎರಡು ವರ್ಷ ಬಾಳುವುದಿಲ್ಲ. ಕಾರ್ಟ್ ಉಳಿದೀತೇ?
— ಓದುಗರು, ಬೇಲೆಕೇರಿ, ಅಂಕೋಲಾ

ಉತ್ತರ: ಉಳಿಯುತ್ತದೆ, ಆದರೆ ಅದರಲ್ಲಿ ಮ್ಯಾಗ್ನೀಸಿಯಂ ಎಲ್ಲೆಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ತೂಕ ಇಳಿಸಲೆಂದು ರೇಸಿಂಗ್ ಕಾರ್ಟಿನ ಚಕ್ರ, ಹಬ್, ಬೇರಿಂಗ್ ಗೂಡುಗಳನ್ನು ಹಲವು ಸಲ ಇದರಲ್ಲೇ ಎರಕ ಹೊಯ್ದಿರುತ್ತಾರೆ. ಉಪ್ಪುಗಾಳಿಗೆ ಇದು ಕಬ್ಬಿಣಕ್ಕಿಂತ ಬೇಗ ಸೋಲುತ್ತದೆ. ಬಣ್ಣ ಗುಳ್ಳೆ ಎದ್ದ ಕಡೆ ಉಗುರಿನಿಂದ ಕೆರೆದು ನೋಡಿ. ವೀಳ್ಯಕ್ಕೆ ಹಚ್ಚುವ ಸುಣ್ಣ ಒಣಗಿದಂತೆ ಬಿಳಿ ಪುಡಿ ಉದುರಿ ಅಡಿಯಲ್ಲಿ ಗುಳಿ ಕಂಡರೆ ಆ ಚಕ್ರ ಗಾಳಿ ಹಿಡಿಯುವುದಿಲ್ಲ, ಬೋಲ್ಟಿನ ಬಳಿ ಸೀಳಲೂಬಹುದು. ಕೊಳ್ಳುವಾಗಲೂ ಇದೇ ಲೆಕ್ಕ: ಕಡಲೂರಿನಲ್ಲಿ ನಿಂತ ಕಾರ್ಟಿಗಿಂತ ಬೆಂಗಳೂರು, ಕೊಲ್ಹಾಪುರದಂಥ ಒಳನಾಡಿನಲ್ಲಿ ಇದ್ದದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನಿಮ್ಮೂರಿಗೆ ಅಲ್ಯೂಮಿನಿಯಂ ಚಕ್ರವೇ ಸರಿ.

ಓಡಿಸಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಕ್ಸಲ್ಲಿಗೆ ತೆಳ್ಳಗೆ ಎಣ್ಣೆ ಸವರಿ, ಬ್ರೇಕ್ ಡಿಸ್ಕಿಗೆ ಮಾತ್ರ ತಾಗಬಾರದು. ಅಲ್ಯೂಮಿನಿಯಂಗೆ ಹೋಗುವ ಪ್ರತಿ ಸ್ಟೀಲ್ ಬೋಲ್ಟಿಗೂ ಗ್ರೀಸ್ ಹಚ್ಚಿ ಹಾಕಿ, ಇಲ್ಲವಾದರೆ ಉಪ್ಪಿನ ಪಸೆಗೆ ಎರಡು ಲೋಹವೂ ಕಚ್ಚಿಕೊಂಡು ಬಿಚ್ಚುವಾಗ ಬೋಲ್ಟೇ ತುಂಡಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟು-ಸ್ಟ್ರೋಕಿಗೆ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ, 1:50ರ ಲೆಕ್ಕದಲ್ಲಿ ಐದು ಲೀಟರಿಗೆ 100 ಮಿ.ಲೀ. ಎಣ್ಣೆ. ಉಳಿದದ್ದನ್ನು ಟ್ಯಾಂಕಿನಿಂದಲೂ ಕಾರ್ಬರೇಟರಿನ ತಳದ ಬಟ್ಟಲಿನಿಂದಲೂ ಖಾಲಿ ಮಾಡಿ.

ಜೂನ್ ಬರುವ ಮೊದಲು ಪ್ಲಗ್ ಬಿಚ್ಚಿ ಒಂದು ಚಮಚ ಟು-ಸ್ಟ್ರೋಕ್ ಎಣ್ಣೆ ಹನಿಸಿ, ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ, ಪ್ಲಗ್ ಹಾಕಿ. ಕಾರ್ಬರೇಟರ್, ಸೈಲೆನ್ಸರ್ ಬಾಯಿಗಳಿಗೆ ಬಟ್ಟೆ ತುರುಕಿ. ಮಳೆಗಾಲದಲ್ಲಿ ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ತಿಳಿಯದೆ ಚಾಲೂ ಮಾಡಿದರೆ ಆ ಮಣ್ಣು ಸೀದಾ ಸಿಲಿಂಡರಿಗೆ. ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲಿಟ್ಟು ಹದಿನೈದು ದಿನಕ್ಕೊಮ್ಮೆ ಕೈಯಿಂದ ತಿರುಗಿಸಿ. ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವತು ಹೆಚ್ಚು ತುಕ್ಕಾಗುತ್ತದೆ. ಹಳೆ ಹತ್ತಿ ಬೆಡ್‌ಶೀಟು ಸಾಕು.

ಪ್ರಶ್ನೆ: ಕಾರ್ಟ್ ಬಂತು ಅನ್ನಿ, ಓಡಿಸುವುದು ಎಲ್ಲಿ? ಬೆಳಗಿನ ಹೊತ್ತು ಬೀಚಿನಲ್ಲೋ ಖಾಲಿ ರಸ್ತೆಯಲ್ಲೋ ಆದೀತೇ?
— ಓದುಗರು, ಭಟ್ಕಳ

ಉತ್ತರ: ಎರಡೂ ಬೇಡ. ಕಾರ್ಟ್ ನೋಂದಣಿ ಆಗುವ ವಾಹನವಲ್ಲ, ರಸ್ತೆಗೆ ತಂದರೆ ಕಾನೂನು ಮುರಿದಂತೆ. ಅದಕ್ಕಿಂತ ಮುಖ್ಯವಾಗಿ, ಕೂತ ಚಾಲಕನ ತಲೆ ಲಾರಿಯ ಬಂಪರಿನ ಮಟ್ಟಕ್ಕೆ ಇರುತ್ತದೆ, ಲಾರಿಯವನಿಗೆ ಕಾಣುವುದೇ ಇಲ್ಲ. ಮರಳಿನಲ್ಲಿ ಕೆಳಪೈಪು ಹೂತುಹೋಗುತ್ತದೆ, ತೆರೆದ ಚೈನು ಒಂದೇ ದಿನಕ್ಕೆ ಸವೆಯುತ್ತದೆ. ಬೆಂಗಳೂರಿನ ಮೆಕೋ ಕಾರ್ಟೋಪಿಯಾ, ಕೊಲ್ಹಾಪುರದ ಮೊಹಿತೆ ಟ್ರ್ಯಾಕ್, ಇಂಥ ಕಾರ್ಟಿಂಗ್ ಟ್ರ್ಯಾಕುಗಳಿಗೇ ಒಯ್ಯಬೇಕು. ಸ್ವಂತ ಕಾರ್ಟಿಗೆ ಯಾವ ದಿನ ಬಿಡುತ್ತಾರೆ, ಏನು ಶುಲ್ಕ ಎಂದು ಮೊದಲೇ ಫೋನ್ ಮಾಡಿ ಕೇಳಿ. ಇಬ್ಬರು ಮೂವರು ಸೇರಿ ಒಂದೇ ಗಾಡಿಯಲ್ಲಿ ಹೋದರೆ ಬಾಡಿಗೆ ಹಗುರಾಗುತ್ತದೆ.

ಪೂರ್ಣ ಗಾತ್ರದ ಕಾರ್ಟ್ ಹೆಚ್ಚೆಂದರೆ 2.1 ಮೀಟರ್ ಉದ್ದ, 1.4 ಮೀಟರ್ ಅಗಲ. ಗಾಡಿ ಗೊತ್ತುಮಾಡುವ ಮೊದಲು ಅದರ ತೊಟ್ಟಿಯನ್ನು ಟೇಪು ಹಿಡಿದು ಅಳೆಯಿರಿ. ಹಗ್ಗವನ್ನು ಚಾಸಿಯ ಪೈಪಿಗೇ ಕಟ್ಟಿ. ಸ್ಟೇರಿಂಗ್ ರಾಡಿಗೆ ಕಟ್ಟಿದರೆ ಬಾಗುತ್ತದೆ, ಪಕ್ಕದ ಪ್ಲಾಸ್ಟಿಕ್ಕಿಗೆ ಕಟ್ಟಿದರೆ ಒಡೆಯುತ್ತದೆ. ಅಡಿಗೆ ಹಳೆ ಟೈರು ಹಾಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಹುಬ್ಬಳ್ಳಿ ಮೇಲಿಂದ ಬರುವುದಾದರೆ ಯಲ್ಲಾಪುರದಲ್ಲಿ ಒಮ್ಮೆ ನಿಲ್ಲಿಸಿ, ಸಡಿಲಾದ ಹಗ್ಗ ಮತ್ತೆ ಬಿಗಿದು, ಆಮೇಲೆ ಅರಬೈಲ್ ಘಟ್ಟ ಇಳಿಸಿ.