ಯುದ್ಧ ಮುಗಿಸಿ ಬಂದವರು ಎಲ್ಲ ಮರೆತರೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಮರೀನ್ ಯೋಧ ಯೂಜೀನ್ ಸ್ಲೆಡ್ಜ್ ಆಮೇಲೆ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದರು ಎಂದು ಓದಿದೆ. ಅಷ್ಟೊಂದು ಸಾವು ಕಂಡವರು ಮಾಮೂಲಿ ಬದುಕಿಗೆ ಹೇಗೆ ಹೊಂದಿಕೊಂಡರು? ಎಲ್ಲ ಮರೆತುಬಿಟ್ಟರೇ?

ಉತ್ತರ: ಮರೆಯಲಿಲ್ಲ. ವರ್ಷಗಟ್ಟಲೆ ಕೆಟ್ಟ ಕನಸುಗಳು ಅವರನ್ನು ಕಾಡಿದವು.

ಸ್ಲೆಡ್ಜ್ ಅಲಬಾಮಾದ ಮೊಬೀಲ್ ಊರಿನ ವೈದ್ಯರೊಬ್ಬರ ಮಗ. ಅಧಿಕಾರಿಯಾಗಲೆಂದು ಕಾಲೇಜು ತರಬೇತಿಗೆ ಹಾಕಿದ್ದರು. ಓದುತ್ತ ಕೂತರೆ ಯುದ್ಧವೇ ಮುಗಿದುಹೋದೀತೆಂದು ಬೇಕೆಂದೇ ಫೇಲಾಗಿ ಸಾಮಾನ್ಯ ಸಿಪಾಯಿಯಾಗಿ ಹೋದರು. 1944ರ ಸೆಪ್ಟೆಂಬರ್ 15ರಂದು ಪೆಸಿಫಿಕ್ ಸಾಗರದಲ್ಲಿ ಜಪಾನೀಯರ ಹಿಡಿತದಲ್ಲಿದ್ದ ಪೆಲೆಲಿಯು ದ್ವೀಪದಲ್ಲಿ ಇಳಿದಾಗ ವಯಸ್ಸಿನ್ನೂ 20. ಕೆಲಸ, 60 ಮಿ.ಮೀ. ಮಾರ್ಟರ್ ಎಂಬ ಚಿಕ್ಕ ತೋಪಿನಿಂದ ಶೆಲ್ ಹಾರಿಸುವುದು. ಅಲ್ಲಿನ ನೆಲವೆಲ್ಲ ಹವಳದ ಕಲ್ಲು. ಅಡಗಲು ಗುಂಡಿ ತೋಡೋಣವೆಂದರೆ ಸಲಿಕೆ ಇಳಿಯದು. ಶೆಲ್ ಬಿದ್ದರೆ ಕಲ್ಲಿನ ಚೂರುಗಳೂ ಸಿಡಿದು ಮೈಗೆ ನಾಟುತ್ತಿದ್ದವು. 235 ಜನರಿದ್ದ ಅವರ ಕಂಪನಿಯಲ್ಲಿ, ಅಂದರೆ ಸೇನಾ ತುಕಡಿಯಲ್ಲಿ, ಗಾಯವಾಗದೆ ಹೊರಬಂದವರು 85 ಮಂದಿ. ಮರುವರ್ಷ ಜಪಾನಿನ ಒಕಿನಾವಾ ದ್ವೀಪದ ಮಳೆ, ಕೆಸರು, ಕೊಳೆಯುವ ಹೆಣಗಳು. ಡೈರಿ ಬರೆಯುವಂತಿರಲಿಲ್ಲ. ಜೇಬಿನಲ್ಲಿದ್ದ ಪುಟ್ಟ ಬೈಬಲ್ಲಿನಲ್ಲೇ ಗುಟ್ಟಾಗಿ ಟಿಪ್ಪಣಿ ಬರೆದಿಟ್ಟುಕೊಂಡರು.

1946ರಲ್ಲಿ ಮನೆಗೆ ಬಂದರು. ಹುಡುಗನಾಗಿದ್ದಾಗ ಬೇಟೆಯೆಂದರೆ ಪ್ರಾಣ. ಯುದ್ಧದಿಂದ ಬಂದ ಮೇಲೆ ಒಮ್ಮೆ ಬೆಳವದ ಬೇಟೆಗೆ ಹೋದಾಗ, ಗುಂಡು ತಗಲಿಯೂ ಸಾಯದೆ ಒದ್ದಾಡುತ್ತಿದ್ದ ಹಕ್ಕಿಯನ್ನು ಅವರೇ ಕೊಲ್ಲಬೇಕಾಯಿತು. ಅಳುತ್ತಿದ್ದ ಮಗನನ್ನು ತಂದೆ ಕಂಡರು. ಯಾವ ಜೀವದ ನರಳಾಟವನ್ನೂ ಇನ್ನು ನೋಡಲಾರೆ ಎಂದರು ಮಗ. ತಂದೆ ಸ್ವತಃ ಪಳಗಿದ ಬೇಟೆಗಾರ. ಆದರೂ ಗದರಲಿಲ್ಲ, ಧೈರ್ಯದ ಉಪದೇಶ ಮಾಡಲಿಲ್ಲ. ಬೇಟೆಯ ಬದಲು ಹಕ್ಕಿ ನೋಡುವ ಹವ್ಯಾಸ ಬೆಳೆಸಿಕೋ ಎಂದರು. ಸ್ಲೆಡ್ಜ್ ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಈ ಘಳಿಗೆಯೇ. ಭೀಕರ ಅನುಭವದ ನಂತರವೂ ಮನಸ್ಸನ್ನು ಕಾಡುವ ಇಂಥ ನೋವಿಗೆ ಈಗಿರುವ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಹೆಸರೇ ಇಲ್ಲದ ಕಾಲದಲ್ಲಿ ಆ ತಂದೆಗೆ ಮಗನ ನೋವು ಅರ್ಥವಾಗಿತ್ತು.

ಸ್ಲೆಡ್ಜ್ ಕಾಲೇಜಿಗೆ ಸೇರಲು ಹೋದಾಗ, ಮರೀನ್ ಪಡೆಯಲ್ಲಿ ಏನೇನು ಕಲಿತೆಯೆಂದು ಅಲ್ಲಿನವರು ಕೇಳಿದರು. ಬಂದೂಕು, ಮಾರ್ಟರ್ ಬಿಟ್ಟರೆ ಹೇಳಲು ಅವರಲ್ಲಿ ಬೇರೇನೂ ಇರಲಿಲ್ಲ. ಮುಂದೆ ಹಿಡಿದದ್ದು ಜೀವಶಾಸ್ತ್ರ. 1960ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, 1962ರಿಂದ 1990ರವರೆಗೆ ಅಲಬಾಮಾದ ಮಾಂಟೆವಾಲೊದಲ್ಲಿ ಪಾಠ ಹೇಳಿದರು. ಮನಸ್ಸು ಪೂರ್ತಿ ಬೇಡುವ ವಿಜ್ಞಾನದ ಕೆಲಸವೇ ತಮ್ಮನ್ನು ಹುಚ್ಚು ಹಿಡಿಯದಂತೆ ಕಾಪಾಡಿತೆಂದು ಅವರು ನಂಬಿದ್ದರು.

ಕಂಡದ್ದನ್ನು ಮನೆಯವರಿಗಾದರೂ ಬರೆದಿಡಿ ಎಂದು ಹೆಂಡತಿ ಒತ್ತಾಯಿಸಿದರು. ಬೈಬಲ್ಲಿನ ಆ ಟಿಪ್ಪಣಿಗಳು ಆಗ ಕೈಗೆ ಬಂದವು. ಬರೆದದ್ದು 1981ರಲ್ಲಿ ಪುಸ್ತಕವಾಯಿತು, ಯುದ್ಧ ಮುಗಿದು 36 ವರ್ಷಗಳಾದ ಮೇಲೆ.