ಎರಡು ತಿಂಗಳ ಕೂಸಿಗೆ ಸೊಂಟದ ಕೀಲು ಸರಿಯಾಗಿ ಕೂರಲೆಂದು ಪಾವ್ಲಿಕ್ ಬೆಲ್ಟ್ (ಕಾಲು ಮಡಚಿ ಅಗಲಿಸಿ ಹಿಡಿಯುವ ಪಟ್ಟಿಗಳ ಕಟ್ಟು) ಹಾಕಿದ್ದಾರೆ. ಕಲಬುರಗಿ ಬಿಸಿಲಲ್ಲಿ ಹೇಗೆ ನೋಡಿಕೊಳ್ಳುವುದು?

ಸೆಕೆ ಅಂತ ನೀವಾಗಿಯೇ ಬಿಚ್ಚಬೇಡಿ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂತಿದ್ದರೆ ಗುಳಿ ಆಳವಾಗಿ ಬೆಳೆಯುತ್ತದೆ. ಅದಕ್ಕೇ ಶುರುವಿನ ವಾರಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 23–24 ತಾಸು ಬೆಲ್ಟ್ ಇರಬೇಕು. ಸ್ನಾನಕ್ಕೆ ತೆಗೆಯಲು ಡಾಕ್ಟರ್ ಒಪ್ಪುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒಳಗೆ ತೆಳು ಹತ್ತಿ ಬನಿಯನ್, ಮೊಣಕಾಲವರೆಗಿನ ಕಾಲುಚೀಲ. ಡೈಪರ್ ಬೆಲ್ಟಿನ ಪಟ್ಟಿಗಳ ಒಳಗೆ ಬರಬೇಕು. ಬದಲಿಸುವಾಗ ಪಾದ ಹಿಡಿದು ಎತ್ತಬೇಡಿ, ಕುಂಡಿಯ ಕೆಳಗೆ ಅಂಗೈ ಕೊಟ್ಟು ಎತ್ತಿ. ಎದೆಪಟ್ಟಿ ಮೊಲೆತೊಟ್ಟಿನ ಮಟ್ಟಕ್ಕಿರಲಿ, ಅದರಡಿ ಎರಡು ಬೆರಳು ಆರಾಮಾಗಿ ಹೋಗಬೇಕು. ಮೇ ತಿಂಗಳ ಬೆವರು ನಿಲ್ಲುವುದು ಮೊಣಕಾಲ ಹಿಂದಿನ ಮಡಿಕೆ, ತೊಡೆಸಂದಿ, ಕುತ್ತಿಗೆಯಲ್ಲಿ. ದಿನಕ್ಕೆ ನಾಲ್ಕೈದು ಸಲ ಒರೆಸಿ ಆರಿಸಿ. ಪೌಡರ್ ಬೇಡ, ಬೆವರಲ್ಲಿ ಕಲಸಿ ಮುದ್ದೆಯಾಗಿ ಚರ್ಮ ಉಜ್ಜುತ್ತದೆ.

ಮನೆಯಲ್ಲಿ ಜಗಳ ಹತ್ತುವುದು ಎಣ್ಣೆ-ನೀರಿನ ವಿಷಯಕ್ಕೆ. ಎರೆಯುವ ಅಜ್ಜಿಗೆ ಖಡಕ್ಕಾಗಿ ಹೇಳಿ: ಕಾಲು ಜೋಡಿಸಿ ನೆಟ್ಟಗೆ ಜಗ್ಗಲೇಬಾರದು. ಸೀರೆಯ ಜೋಳಿಗೆಯೂ ಬೇಡ, ತೊಡೆಗಳನ್ನು ಒಂದಕ್ಕೊಂದು ಒತ್ತುತ್ತದೆ. ಎದೆಗೆ ಎದೆ ಹಚ್ಚಿ, ಕಾಲು ಎರಡೂ ಬದಿಗೆ ಬರುವಂತೆ ಎತ್ತಿಕೊಳ್ಳಿ.

ಪಟ್ಟಿಗಳ ಅಳತೆಗೆ ಪೆನ್ನಿನ ಗುರುತು ಹಾಕಿಸಿಕೊಳ್ಳಿ, ನೀವು ಬಿಗಿ ಮಾಡಬೇಡಿ. ಕಾಲಿನ ಮುಂಭಾಗದ ಪಟ್ಟಿ ಬಿಗಿಯಾಗಿ ಕಾಲು ಅತಿಯಾಗಿ ಮಡಚಿದರೆ ತೊಡೆಯ ನರ ಒತ್ತುತ್ತದೆ: ಕೂಸು ಆ ಕಾಲು ಒದೆಯುವುದನ್ನೇ ಬಿಡುತ್ತದೆ, ಮೊಣಕಾಲು ಚಾಚುವುದಿಲ್ಲ. ಹಾಗಾದರೆ ಅವತ್ತೇ ತೋರಿಸಿ. ಕೂಸು ಬೆಳೆದಂತೆ ಪಟ್ಟಿ ತಾನಾಗಿ ಬಿಗಿಯಾಗುವುದರಿಂದ ಒಂದೆರಡು ವಾರಕ್ಕೊಮ್ಮೆಯ ತಪಾಸಣೆ ತಪ್ಪಿಸಬೇಡಿ, ಊರ ಜಾತ್ರೆ ಇದ್ದರೂ ಸರಿ.