ನಾಲ್ಕು ಆಳ್ವಿಕೆ ದಾಟಿ ಉಳಿದ ತಲೆ

ಪ್ರಶ್ನೆ: ಟ್ಯೂಡರ್ ಅರಸರ ಕಾಲದ ಇಂಗ್ಲೆಂಡಿನಲ್ಲಿ ಥಾಮಸ್ ಮೋರ್, ಥಾಮಸ್ ಕ್ರಾಂವೆಲ್, ಸಾಮರ್ಸೆಟ್, ನಾರ್ಥಂಬರ್ಲೆಂಡ್ ಎಂದು ಅಧಿಕಾರದ ತುದಿಗೇರಿದವರೆಲ್ಲ ಕೊಡಲಿಗೆ ತಲೆಯೊಡ್ಡಿದವರೇ. ವಿಂಚೆಸ್ಟರಿನ ಮಾರ್ಕ್ವಿಸ್ ಆಗಿದ್ದ ವಿಲಿಯಂ ಪಾಲೆಟ್ ಮಾತ್ರ ಎಂಟನೆಯ ಹೆನ್ರಿ, ಆರನೆಯ ಎಡ್ವರ್ಡ್, ಮೇರಿ, ಎಲಿಜಬೆತ್ ಎಂಬ ನಾಲ್ವರು ದೊರೆಗಳ ಕೈಕೆಳಗೆ ದುಡಿದು, ತನ್ನ ಮನೆಯಲ್ಲೇ ಕಣ್ಣುಮುಚ್ಚಿದನೆಂದು ಓದಿದೆ. ಅವನು ಬರೀ ಅವಕಾಶವಾದಿಯೇ? ಅವನ ಅರಮನೆ ಈಗಲೂ ಇದೆಯೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಪಾಲೆಟ್‌ನ ಹೆಸರು ಬಂದಲ್ಲೆಲ್ಲ ಒಂದು ಲ್ಯಾಟಿನ್ ಮಾತೂ ಬೆನ್ನಿಗೇ ಬರುತ್ತದೆ. ಇಷ್ಟು ಪಲ್ಲಟಗಳ ನಡುವೆ ನೀವು ಹೇಗೆ ಉಳಿದಿರಿ ಎಂದು ಕೇಳಿದವರಿಗೆ ಅವನು, ‘ನಾನು ಹುಟ್ಟಿದ್ದು ವಿಲೋ ಮರದಿಂದ, ಓಕ್ ಮರದಿಂದಲ್ಲ’ ಎಂದನಂತೆ. ವಿಲೋ ಎಂದರೆ ನಮಗೆ ಕ್ರಿಕೆಟ್ ಬ್ಯಾಟಿನಿಂದ ಪರಿಚಯವಾದ ಮರ. ಗಾಳಿಗೆ ಬಾಗುತ್ತದೆ, ಮುರಿಯುವುದಿಲ್ಲ. ಆದರೆ ಇದನ್ನು ಬರೆದಿಟ್ಟ ಸರ್ ರಾಬರ್ಟ್ ನಾಂಟನ್, ಪಾಲೆಟ್ ತೀರಿಕೊಂಡಾಗ ಇನ್ನೂ ಬಾಲಕ; ಅವನು ಇದನ್ನು ಬರೆದದ್ದು ದಶಕಗಳು ಕಳೆದ ಮೇಲೆ. ಮಾತು ಚೆಂದವಾಗಿದೆ ನಿಜ, ಆದರೆ ಅದೊಂದರಿಂದಲೇ ಇಡೀ ಬದುಕನ್ನು ಅಳೆಯಲು ಹೊರಟರೆ ಮುಖ್ಯವಾದ ಕಾರಣ ಕೈತಪ್ಪಿ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅವನನ್ನು ಕಾಪಾಡಿದ್ದು ಬಾಗುವ ಬೆನ್ನಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕ.

ಹ್ಯಾಂಪ್‌ಶೈರಿನ ಜಮೀನ್ದಾರಿ ಮನೆತನದಿಂದ ಬಂದ ಪಾಲೆಟ್, ಲಂಡನ್ನಿನ ಮೇಯರ್ ಆಗಿದ್ದ ಸರ್ ವಿಲಿಯಂ ಕೇಪಲ್‌ನ ಮಗಳನ್ನು ಮದುವೆಯಾದ. ಎಂಟನೆಯ ಹೆನ್ರಿಯ ಕಾಲದಲ್ಲಿ ಮೊದಲು ಜಿಲ್ಲೆಯ ಶೆರಿಫ್ ಆಗಿ, 1532ರಲ್ಲಿ ಅರಮನೆಯ ವೆಚ್ಚದ ಉಸ್ತುವಾರಿ ಹೊತ್ತ ಕಂಟ್ರೋಲರ್ ಆಗಿ, 1539ರಲ್ಲಿ ಬ್ಯಾರನ್ ಆಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ. 1540ರಲ್ಲಿ ಕೋರ್ಟ್ ಆಫ್ ವಾರ್ಡ್ಸ್ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥನೂ ಅವನೇ. ದೊರೆಯಿಂದ ನೇರವಾಗಿ ಭೂಮಿ ಪಡೆದ ಜಮೀನ್ದಾರ ಸತ್ತು, ವಾರಸುದಾರ ಇನ್ನೂ ಅಪ್ರಾಪ್ತನಾಗಿದ್ದರೆ ಆ ಮಗುವಿನ ಪಾಲನೆ, ಆಸ್ತಿಯ ಆಡಳಿತ, ಕೊನೆಗೆ ಮದುವೆ ಮಾಡಿಸುವ ಹಕ್ಕು ಕೂಡ ದೊರೆಗೆ ಸೇರುತ್ತಿತ್ತು. ದೊರೆ ಅದನ್ನು ಹಣಕ್ಕೆ ಮಾರುತ್ತಿದ್ದ. ಈ ವ್ಯವಹಾರ ನಡೆಸುವವನ ಮನೆಬಾಗಿಲಿನಲ್ಲಿ ಎಂಥ ದೊಡ್ಡ ಮನೆತನದವರೂ ಕಾಯಲೇಬೇಕಿತ್ತು. ಈ ಕೋರ್ಟಿನ ಹೆಸರು ಮುಂದೆ ಬ್ರಿಟಿಷ್ ಇಂಡಿಯಾದ ಕಂದಾಯ ಆಡಳಿತಕ್ಕೂ ಬಂತು.

ಅವನ ಕೈಗೆ ರಕ್ತ ಅಂಟಿರಲಿಲ್ಲ ಎಂದು ಹೇಳಲಾಗದು. 1535ರಲ್ಲಿ ಮೋರ್‌ನ ವಿಚಾರಣೆ ನಡೆಸಿದ ಮಂಡಳಿಯಲ್ಲಿ ಅವನಿದ್ದ. ಸಾಮರ್ಸೆಟ್ ಡ್ಯೂಕ್‌ನನ್ನು 1551ರ ಡಿಸೆಂಬರಿನಲ್ಲಿ ವಿಚಾರಣೆಗೆ ಒಳಪಡಿಸಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವನೂ ಅವನೇ. ಆದರೂ ಅವನ ನಡವಳಿಕೆಗೆ ಸಿಕ್ಕ ಒಂದು ಸಾಕ್ಷ್ಯ ಅನಿರೀಕ್ಷಿತ ಕಡೆಯಿಂದ ಬಂದದ್ದು. 1536ರ ಮೇ ತಿಂಗಳಲ್ಲಿ ಲಂಡನ್ ಟವರ್‌ನಲ್ಲಿ ಸೆರೆಯಾಗಿದ್ದ ರಾಣಿ ಆನ್ ಬೊಲಿನ್, ತನ್ನನ್ನು ಪ್ರಶ್ನಿಸಿದ ಮಂತ್ರಿಗಳ ಒರಟುತನವನ್ನು ಒಬ್ಬೊಬ್ಬರದಾಗಿ ದೂರಿದಳು. ಸ್ವಂತ ಸೋದರಮಾವನಾದ ನಾರ್ಫೋಕ್ ತನ್ನ ಮಾತಿಗೆ ತಲೆ ಅಲ್ಲಾಡಿಸುತ್ತ ‘ಟಟ್, ಟಟ್’ ಎಂದನೆಂದಳು. ಕಂಟ್ರೋಲರ್ ಮಾತ್ರ ಸಭ್ಯನಾಗಿ ನಡೆದುಕೊಂಡನೆಂದಳು. ಟವರ್‌ನ ಅಧಿಕಾರಿ ಕಿಂಗ್‌ಸ್ಟನ್ ಬರೆದ ಪತ್ರದಲ್ಲಿ ಇದು ಉಳಿದುಬಂದಿದೆ. ಹಗೆ ಕಟ್ಟಿಕೊಳ್ಳದೆ ಕೆಲಸ ಮುಗಿಸುವ ಈ ಗುಣವನ್ನು ಅವನ ಬದುಕಿನ ಉದ್ದಕ್ಕೂ ಕಾಣಬಹುದು.

1550ರ ಫೆಬ್ರವರಿಯಲ್ಲಿ ಅವನು ಲಾರ್ಡ್ ಟ್ರೆಷರರ್, ಅಂದರೆ ರಾಜ್ಯದ ಪ್ರಧಾನ ಖಜಾಂಚಿಯಾದ. ಮರುವರ್ಷ ಮಾರ್ಕ್ವಿಸ್ ಪದವಿ ಬಂತು. ಖಜಾನೆಯ ಕೆಲಸ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎಕ್ಸ್‌ಚೆಕರ್ ಎಂಬ ಹೆಸರೇ ಲೆಕ್ಕದ ಮೇಜಿನ ಮೇಲೆ ಹಾಸುತ್ತಿದ್ದ ಚೌಕುಳಿ ಬಟ್ಟೆಯಿಂದ ಬಂದದ್ದು. ಹಣ ಸಂದಾಯವಾದದ್ದಕ್ಕೆ ರಸೀತಿಯಾಗಿ ಒಂದು ಮರದ ಕಡ್ಡಿಯ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚು ಕೊಯ್ದು, ಅದನ್ನು ಉದ್ದಕ್ಕೆ ಸೀಳಿ, ಒಂದು ಸೀಳನ್ನು ಕಟ್ಟಿದವನಿಗೆ ಕೊಟ್ಟು ಇನ್ನೊಂದನ್ನು ಖಜಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡನ್ನೂ ಜೋಡಿಸಿದಾಗ ಕಚ್ಚುಗಳು ಹೊಂದಿದರೆ ಲೆಕ್ಕ ಸರಿ. ಹೆನ್ರಿ ಮಠಗಳ ಆಸ್ತಿಯನ್ನು ಕಿತ್ತುಕೊಂಡ ಮೇಲೆ ಆ ಆದಾಯಕ್ಕೆಂದು ಬೇರೆ ಬೇರೆ ಕಚೇರಿಗಳು ಹುಟ್ಟಿಕೊಂಡು, ಎಲ್ಲಿ ಎಷ್ಟು ಹಣವಿದೆ ಎಂದು ಒಂದೇ ಕಡೆ ಹೇಳುವವರು ಇಲ್ಲದಂತಾಗಿತ್ತು. 1554ರಲ್ಲಿ ಅವುಗಳಲ್ಲಿ ಮುಖ್ಯವಾದ ಆಗ್ಮೆಂಟೇಷನ್ಸ್ ಕೋರ್ಟನ್ನು ಎಕ್ಸ್‌ಚೆಕರ್‌ನಲ್ಲಿ ವಿಲೀನಗೊಳಿಸಿದಾಗ ಖಜಾಂಚಿಯಾಗಿದ್ದವನು ಪಾಲೆಟ್.

ಅವನ ಕಾಲದ ಅತಿ ದೊಡ್ಡ ಸುಧಾರಣೆ 1558ರ ಸುಂಕದ ದರಪುಸ್ತಕ. ಸರಕಿನ ಮೇಲಿನ ಸುಂಕ ಪೌಂಡಿಗೆ 12 ಪೆನ್ಸ್ ಎಂದು ನಿಗದಿಯಾಗಿತ್ತು. ಆದರೆ ಸರಕಿನ ಬೆಲೆಯನ್ನು ಲೆಕ್ಕ ಹಾಕುತ್ತಿದ್ದುದು ಮಾರುಕಟ್ಟೆಯ ಧಾರಣೆಯಿಂದಲ್ಲ, ಸರ್ಕಾರದ ಹಳೆಯ ಪಟ್ಟಿಯಿಂದ. ಪೇಟೆಯಲ್ಲಿ ಬೆಲೆಗಳು ಏರುತ್ತಲೇ ಇದ್ದವು, ಪಟ್ಟಿಯಲ್ಲಿ ಅವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಹೊಸ ಪುಸ್ತಕ ಸುಂಕದ ಪ್ರಮಾಣವನ್ನು ಮುಟ್ಟಲಿಲ್ಲ, ಬೆಲೆಗಳನ್ನಷ್ಟೇ ಪರಿಷ್ಕರಿಸಿತು. ಅದರಿಂದಲೂ ಬಟ್ಟೆಯ ರಫ್ತಿನ ಮೇಲೆ ಹೇರಿದ ಹೊಸ ಸುಂಕದಿಂದಲೂ ವರ್ಷಕ್ಕೆ ಸುಮಾರು 29 ಸಾವಿರ ಪೌಂಡ್ ಇದ್ದ ವರಮಾನ 80 ಸಾವಿರ ಪೌಂಡ್ ದಾಟಿತು. ಇದನ್ನು ಜಾರಿಗೆ ತಂದದ್ದು ಮೇರಿಯ ಕೊನೆಯ ವರ್ಷದಲ್ಲಿ. ಫಲ ಉಂಡವಳು ಎಲಿಜಬೆತ್. ಇಂಥ ಖಜಾಂಚಿಯನ್ನು ಹೊರಗಟ್ಟಿ ಹೊಸಬನನ್ನು ಹುಡುಕುವ ಅಗತ್ಯ ಯಾವ ರಾಣಿಗೂ ಕಾಣಲಿಲ್ಲ.

ಇನ್ನು ಅವಕಾಶವಾದದ ಪ್ರಶ್ನೆ. ಅವನ ವಿರುದ್ಧ ಬಲವಾದ ಸಾಕ್ಷ್ಯ 1553ರ ಜುಲೈ ತಿಂಗಳದ್ದು. ಆರನೆಯ ಎಡ್ವರ್ಡ್ ಜುಲೈ 6ರಂದು ತೀರಿಕೊಂಡ ಮೇಲೆ ನಾರ್ಥಂಬರ್ಲೆಂಡ್ ತನ್ನ ಸೊಸೆ ಜೇನ್ ಗ್ರೇಯನ್ನು ಗದ್ದುಗೆಗೇರಿಸಿದ. ಪಾಲೆಟ್ ಟವರ್‌ಗೆ ಕಿರೀಟ ತಂದು, ತಲೆಗೆ ಸರಿಹೊಂದುತ್ತದೆಯೋ ನೋಡಿ ಎಂದು ಆ ಹದಿಹರೆಯದ ಹುಡುಗಿಯ ಮುಂದಿಟ್ಟ. ಅವಳು ಹಿಂಜರಿದಾಗ, ಧೈರ್ಯವಾಗಿ ಧರಿಸಬಹುದು, ನಿಮ್ಮ ಗಂಡನಿಗೂ ಒಂದನ್ನು ಮಾಡಿಸೋಣ ಎಂದ. ಜೇನ್ ಮೇರಿಗೆ ಬರೆದದ್ದೆನ್ನಲಾದ ಪತ್ರದಲ್ಲಿ ಈ ವಿವರವಿದೆ. ಜುಲೈ 19ರಂದು ಮಂತ್ರಿಮಂಡಳಿ ಮೇರಿಯೇ ರಾಣಿಯೆಂದು ಸಾರಿದಾಗ ಪಾಲೆಟ್ ಆ ಗುಂಪಿನಲ್ಲಿದ್ದ. ವರ್ಷ ತಿರುಗುವಷ್ಟರಲ್ಲಿ, ಮೇರಿ ಸ್ಪೇನಿನ ಫಿಲಿಪ್‌ನನ್ನು ವಿಂಚೆಸ್ಟರಿನಲ್ಲಿ ಮದುವೆಯಾದಾಗ, ರಾಜ್ಯದ ಪರವಾಗಿ ಅವಳನ್ನು ಧಾರೆಯೆರೆದುಕೊಟ್ಟವರಲ್ಲಿಯೂ ಅವನಿದ್ದ. ಗಾಳಿ ಬಂದಾಗ ತೂರಿಕೊಳ್ಳುವುದೆಂದರೆ ಇದೇ ಅಲ್ಲವೇ ಎಂದು ನೀವು ಕೇಳಬಹುದು.

ಆದರೆ 1559ರ ಸಂಗತಿಯನ್ನು ಪಕ್ಕಕ್ಕಿಟ್ಟು ತೀರ್ಪು ಕೊಡಬಾರದು. ಎಲಿಜಬೆತ್ ಪಟ್ಟಕ್ಕೆ ಬಂದು ಪ್ರಾಟೆಸ್ಟಂಟ್ ಪ್ರಾರ್ಥನಾ ಕ್ರಮವನ್ನು ಕಡ್ಡಾಯಗೊಳಿಸುವ ಮಸೂದೆ ಲಾರ್ಡ್ಸ್ ಸಭೆಗೆ ಬಂದಾಗ, ರಾಣಿಯ ಸ್ವಂತ ಖಜಾಂಚಿ ಅದರ ವಿರುದ್ಧ ಮತ ಹಾಕಿದ. ಮಸೂದೆ ಗೆದ್ದದ್ದು ಕೇವಲ ಮೂರು ಮತಗಳಿಂದ. ಕಾನೂನಾದ ಮೇಲೆ ಅವನು ತುಟಿಪಿಟಕ್ಕೆನ್ನದೆ ಅದನ್ನು ಪಾಲಿಸಿದ, ರಾಣಿಯೂ ಅವನ ಹುದ್ದೆಗೆ ಕೈ ಹಾಕಲಿಲ್ಲ. ಶುದ್ಧ ಅವಕಾಶವಾದಿ ಇಂಥ ಹೊತ್ತಿನಲ್ಲಿ ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿರುತ್ತಿದ್ದ. ತೀರ್ಮಾನವಾಗುವವರೆಗೆ ತನ್ನ ಮತ, ತೀರ್ಮಾನವಾದ ಮೇಲೆ ದೊರೆಯ ಆಜ್ಞೆ ಎಂಬುದು ಅವನ ನಿಲುವಾಗಿತ್ತೆಂದು ನನಗನ್ನಿಸುತ್ತದೆ. ಅದನ್ನು ಧೀರತನವೆನ್ನಲಾರೆ, ಬರೀ ಗೋಸುಂಬೆತನವೆನ್ನಲೂ ಮನಸ್ಸೊಪ್ಪದು.

ಮುಪ್ಪಿನಲ್ಲಿ ಖಜಾನೆಯ ಮೇಲಿನ ಅವನ ಹಿಡಿತ ಸಡಿಲವಾಯಿತು. ಕೈಕೆಳಗಿನ ನಗದು ಅಧಿಕಾರಿಗಳ ಅವ್ಯವಹಾರ ಬೆಳಕಿಗೆ ಬಂತು. 1572ರ ಮಾರ್ಚ್ 10ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ರಾಜ್ಯದ ಹಣ ಕಾಯ್ದ ಈ ಮನುಷ್ಯ ಆ ರಾಜ್ಯಕ್ಕೇ ದೊಡ್ಡ ಮೊತ್ತದ ಸಾಲಗಾರನಾಗಿ ತೀರಿಕೊಂಡ. ಅವನ ಹುದ್ದೆ ವಿಲಿಯಂ ಸೆಸಿಲ್‌ಗೆ ಹೋಯಿತು.

ಅರಮನೆಯ ಬಗ್ಗೆ ಕೇಳಿದ್ದೀರಿ. ಅವನು ಹ್ಯಾಂಪ್‌ಶೈರಿನಲ್ಲಿ ಕಟ್ಟಿಸಿದ ಬೇಸಿಂಗ್ ಹೌಸ್ ಈಗ ಪಾಳು. ಓಲ್ಡ್ ಬೇಸಿಂಗ್ ಹಳ್ಳಿಯಲ್ಲಿ ಅದರ ಅವಶೇಷಗಳನ್ನೂ ಇಟ್ಟಿಗೆಯ ದೊಡ್ಡ ಕಣಜವನ್ನೂ ನೋಡಬಹುದು. ಮುಂದೆ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಅವನ ವಂಶದ ಐದನೆಯ ಮಾರ್ಕ್ವಿಸ್, ‘ನಿಷ್ಠೆಯನ್ನು ಪ್ರೀತಿಸು’ ಎಂಬ ಮನೆತನದ ಧ್ಯೇಯವಾಕ್ಯವನ್ನು ಅಕ್ಷರಶಃ ಪಾಲಿಸಿ, ದೊರೆಯ ಪರವಾಗಿ ಈ ಮನೆಯನ್ನು ಎರಡು ವರ್ಷ ಬಿಟ್ಟುಕೊಡದೆ ಕಾದ. 1645ರ ಅಕ್ಟೋಬರಿನಲ್ಲಿ ಆಲಿವರ್ ಕ್ರಾಂವೆಲ್‌ನ ಪಡೆ ಅದನ್ನು ಹಿಡಿದ ಮೇಲೆ ಪಾರ್ಲಿಮೆಂಟು ಕಟ್ಟಡವನ್ನು ಕೆಡವಲು ಆಜ್ಞೆ ಮಾಡಿತು. ಕಲ್ಲು ಇಟ್ಟಿಗೆ ಬೇಕಾದವರು ಬಂದು ಪುಕ್ಕಟೆಯಾಗಿ ಹೊತ್ತುಕೊಂಡು ಹೋಗಬಹುದೆಂದೂ ಸಾರಿತು.